ನಮ್ಮ ಬೀಗದ ಭಾವ ಮನೆಯೊಳಗೇ ಕೂತದ್ದು

ಯಾರ ಮನೆಗೆ ಹೋದರೂ ನಮ್ಮ ಭಾವ ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ಬಾಗಿಲ ಬೀಗವನ್ನು. ಅಕ್ಕನನ್ನು ಕೊಡುತ್ತೀರಾ ಎಂದು ಕೇಳಲು ನಮ್ಮ ಮನೆಗೆ ಬಂದ ದಿನವೂ ಹೊಸ್ತಿಲ ಹೊರಗೇ ನಿಂತು, ಬೀಗದ ಮುಖದ ಮೇಲೆ ಹೆಬ್ಬೆರಳು ಸವರಿ, "ಇದಕ್ಕೆ ಯಾರೋ ತಂತಿ ಹಾಕಿ ನೋಡಿದಾರೆ, ಗೀರು ಬಿದ್ದಿದೆ" ಎಂದರು. "ಇವನು ಹುಡುಗೀನ ಕೇಳೋಕೆ ಬಂದನೋ ಬಾಗಿಲನ್ನ ಕೇಳೋಕೆ ಬಂದನೋ" ಎಂದು ನಮ್ಮಪ್ಪ ಒಳಗೆ ಗೊಣಗಿದರು. ಅವತ್ತಿನಿಂದ ನನ್ನ ಬಾಯಲ್ಲಿ ಅವರು ಬೀಗದ ಭಾವ. ಪೇಟೆಯವರಿಗೆ ದೊಡ್ಡಣ್ಣ.

ದೊಡ್ಡಣ್ಣ ಎಂದ ಮೇಲೆ ಸಣ್ಣಣ್ಣನೂ ಇರಬೇಕಲ್ಲ. ಅವನು ಭಾವನ ಒಡಹುಟ್ಟಿದ ತಮ್ಮ. ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿನ ಸಂದಿನಲ್ಲಿ ಇಬ್ಬರದೂ ಒಂದೇ ಅಂಗಡಿ. ಇಬ್ಬರೂ ಒಟ್ಟಿಗೆ ತಿರುಗಿದರೆ ಮೊಣಕೈಗೆ ಮೊಣಕೈ ತಾಗುವಷ್ಟು ಜಾಗ. ಕೆಟ್ಟ ಬೀಗ ಬಿಚ್ಚಿ ಸರಿಮಾಡುವುದು ಅಣ್ಣ, ಅರ ಹಿಡಿದು ಕೀಲಿಕೈ ಕಡೆಯುವುದು ತಮ್ಮ. ಅವರಿಬ್ಬರೂ ದಿನವಿಡೀ ಮಾತಾಡುತ್ತಿರಲಿಲ್ಲ, ಮಾತಿನ ಅಗತ್ಯವೇ ಬೀಳುತ್ತಿರಲಿಲ್ಲ. ಒಬ್ಬ ಕೈ ಚಾಚಿದರೆ ಇನ್ನೊಬ್ಬ ಬೇಕಾದ ಸಾಮಾನು ಇಡುತ್ತಿದ್ದ.

ನನ್ನದು ಗೇಟು, ಕಿಟಕಿ ಸರಳು ಮಾಡುವ ವೆಲ್ಡಿಂಗ್ ಕೆಲಸ. ನಾನು ಶಾಲೆಗೆ ಹೋದದ್ದಕ್ಕಿಂತ ಶಾಲೆಯವರು ನನ್ನನ್ನು ಹುಡುಕಿಕೊಂಡು ಮನೆಗೆ ಬಂದದ್ದೇ ಹೆಚ್ಚು. ಆದ್ದರಿಂದ ಕಂಪ್ಯೂಟರಿನ ವಿಷಯ ಬರೆದದ್ದರಲ್ಲಿ ತಪ್ಪಿದ್ದರೆ ತಿಳಿದವರು ತಿದ್ದಿಕೊಂಡು ಓದಲಿ. ಮನುಷ್ಯರ ವಿಷಯದಲ್ಲಿ ತಿದ್ದುವಂಥದ್ದೇನೂ ಇಲ್ಲ, ನಾನು ಅಲ್ಲೇ ಇದ್ದೆ.

ಬೀಗದವರಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯಿದೆ. ಗಿರಾಕಿಯ ಕೀಲಿಕೈಯ ನಕಲು ಅಂಗಡಿಯಲ್ಲಿ ಉಳಿದರೆ ಅದರ ಮೇಲೆ ಹೆಸರು, ವಿಳಾಸ ಬರೆಯುವಂತಿಲ್ಲ. ಬರೆದರೆ ಅಂಗಡಿಗೆ ನುಗ್ಗಿದವನಿಗೆ ಇಡೀ ಪೇಟೆಯ ಬಾಗಿಲು ತೆರೆದಂತೆಯೇ. ಅದಕ್ಕೆ ಅಣ್ಣತಮ್ಮ ತಮ್ಮಿಬ್ಬರಿಗೆ ಮಾತ್ರ ತಿಳಿಯುವಂಥ ಅಡ್ಡಹೆಸರು ಇಟ್ಟು ಮೊಳೆಗೆ ನೇತುಹಾಕುತ್ತಿದ್ದರು. ಕೆಮ್ಮಿನ ಡಾಕ್ಟರು. ನಾಯಿಗೆ ಹೆದರುವ ನಾಯಿ ಮನೆಯವರು. ಎರಡು ಸಲ ಮದುವೆಯಾದ ಮೇಷ್ಟ್ರು. ಹೀಗೆ.

ಮೊಳೆಗಳು ಗೋಡೆ ತುಂಬಿದ ಮೇಲೆ ಭಾವನಿಗೆ ಕಂಪ್ಯೂಟರಿನ ಹುಚ್ಚು ಹಿಡಿಯಿತು. ಯಾರೋ ಮಾರಿದ ಹಳೆಯ ಪೆಟ್ಟಿಗೆಯೊಂದನ್ನು ತಂದು, ಅಡುಗೆಮನೆಯ ಪಕ್ಕದಲ್ಲಿ ಅಕ್ಕ ಬಕೆಟ್ಟು ಪೊರಕೆ ಇಡುತ್ತಿದ್ದ ಕಿರುಕೋಣೆಯಲ್ಲಿ ಕೂರಿಸಿದರು. ವೀಡಿಯೋ ನೋಡಿ ನೋಡಿ ಅದನ್ನು ಒಂದು ಸರ್ವರ್ ಮಾಡಿದರು. ಸರ್ವರ್ ಅಂದರೆ ನನಗೆ ಅರ್ಥವಾದದ್ದು ಇಷ್ಟು: ಪೆಟ್ಟಿಗೆ ಮನೆಯಲ್ಲಿರುತ್ತದೆ, ಅದಕ್ಕೆ ಇಂಟರ್ನೆಟ್ಟಿನ ಕಡೆಗೆ ಒಂದು ಬಾಗಿಲಿರುತ್ತದೆ, ಹೆಸರು ಮತ್ತು ಪಾಸ್‌ವರ್ಡ್ ಗೊತ್ತಿದ್ದವರು ಎಲ್ಲಿಂದ ಬೇಕಾದರೂ ಆ ಬಾಗಿಲು ತೆಗೆದು ಒಳಗೆ ಬರಬಹುದು. ಎಲ್ಲ ಕೀಲಿಕೈಗಳ ಅಳತೆಯ ಚಿತ್ರಗಳನ್ನು ಭಾವ ಅದರೊಳಗೆ ಹಾಕಿದರು. ಗಿರಾಕಿ ಕೀಲಿಕೈ ಕಳೆದುಕೊಂಡು ಬಂದರೆ ಸಣ್ಣಣ್ಣ ಅಂಗಡಿಯಿಂದಲೇ ಚಿತ್ರ ತೆಗೆದು ಹೊಸದನ್ನು ಕಡೆಯಬಹುದು.

ಸಣ್ಣಣ್ಣ ಮೊದಲೇ ಬೇಡವೆಂದಿದ್ದ.

"ಅಣ್ಣಾ, ತಲೆಯೊಳಗೆ ಇರೋದನ್ನ ಯಾರೂ ತಂತಿ ಹಾಕಿ ತೆಗೆಯೋಕಾಗಲ್ಲ. ಪೆಟ್ಟಿಗೆಗೆ ಹಾಕ್ಬೇಡ."

"ನಿನ್ನ ತಲೆ ನಾಳೆ ಬಸ್ಸಿನ ಕೆಳಗೆ ಸಿಕ್ರೆ?"

"ಆಗ ಜನ ಬೀಗ ಒಡ್ಕೊಳ್ಳಲಿ. ನನಗೇನು, ನಾನು ಬಸ್ಸಿನ ಕೆಳಗೆ ಇರ್ತೀನಲ್ಲ."

ನಗಾಡಿಕೊಂಡೇ ಒಪ್ಪಿದ. ಒಳಗೆ ಹೋಗುವ ಹೆಸರನ್ನು ಇಬ್ಬರೂ ಸೇರಿಯೇ ಇಟ್ಟರು. ಅವರಪ್ಪನಿಗೆ ಸಿಟ್ಟು ಬಂದರೆ ಮುಖ ತುಕ್ಕು ಹಿಡಿದ ತಗಡಿನ ಬಣ್ಣಕ್ಕೆ ತಿರುಗುತ್ತಿತ್ತಂತೆ. ಹುಡುಗರಾಗಿದ್ದಾಗ ಇಬ್ಬರೂ ಬೆನ್ನ ಹಿಂದೆ ಅವರನ್ನು ತುಕ್ಕಪ್ಪ ಅನ್ನುತ್ತಿದ್ದರು. ಈ ಹೆಸರು ಅಪ್ಪನಿಗೂ ಗೊತ್ತಾಗಲಿಲ್ಲ, ಅಮ್ಮನಿಗೂ ಗೊತ್ತಾಗಲಿಲ್ಲ. ಅದನ್ನೇ ಸರ್ವರಿನ ಬಾಗಿಲಿಗೆ ಇಟ್ಟರು.

ಕೆಲಕಾಲ ಚೆನ್ನಾಗಿಯೇ ನಡೆಯಿತು. ಆಮೇಲೆ ಭಾವ ಒಂದು ದಿನ ಸರ್ವರಿಗೆ ಯಾರು ಯಾರು ಬಂದುಹೋದರು ಎಂದು ಅದೇ ಬರೆದಿಟ್ಟುಕೊಳ್ಳುವ ಸಾಲುಗಳನ್ನು ತೆಗೆದು ನೋಡಿದರು. ನೋಡಿದರೆ ಜಗತ್ತಿನವರೆಲ್ಲ ಬಂದು ಬಾಗಿಲು ತಟ್ಟಿ ಹೋಗಿದ್ದಾರೆ! ರೂಟ್ ಎಂಬ ಹೆಸರಲ್ಲಿ, ಅಡ್ಮಿನ್ ಎಂಬ ಹೆಸರಲ್ಲಿ, ಟೆಸ್ಟ್ ಎಂಬ ಹೆಸರಲ್ಲಿ. ಭಾವ ಮೊದಲು ನಕ್ಕರು. "ಎಂಥಾ ದಡ್ಡ ಕಳ್ಳರೋ ಇವರು. ಎಲ್ಲರ ಮನೆಗೂ ಅದೇ ನಾಲ್ಕು ಕೀ ಹಿಡ್ಕೊಂಡು ಬರ್ತಾರೆ" ಎಂದು ನನಗೂ ತೋರಿಸಿದರು. ಇವು ಮನುಷ್ಯರಲ್ಲ, ಸುಮ್ಮನೆ ಬೀದಿಯುದ್ದಕ್ಕೂ ಸಿಕ್ಕಸಿಕ್ಕ ಬಾಗಿಲು ತಟ್ಟುತ್ತಾ ಹೋಗುವ ಯಂತ್ರಗಳು ಎಂದು ವೀಡಿಯೋದವರು ಹೇಳಿದ್ದರಂತೆ.

ಆದರೂ ಬೀಗದವರಲ್ಲವೇ, ಸುಮ್ಮನೆ ಕೂರಲಾಗಲಿಲ್ಲ. ಒಬ್ಬ ಕಾವಲುಗಾರನನ್ನು ಇಟ್ಟರು. ಅದೂ ಒಂದು ಪ್ರೋಗ್ರಾಮ್. ಮೂರು ಸಲ ತಪ್ಪು ಪಾಸ್‌ವರ್ಡ್ ಒತ್ತಿದವನನ್ನು ಅದು ಹೊರಗೆ ದಬ್ಬಿ, ಭಾವನ ಫೋನಿಗೂ ಕಂಪ್ಯೂಟರಿನ ಪರದೆಗೂ ಸುದ್ದಿ ಕಳಿಸುತ್ತದೆ. ಮನೆಯ ವೈಫೈ ಒಳಗಿಂದ ಯಾರಾದರೂ ತಟ್ಟಿದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಅದಕ್ಕೆ ಹೇಳಿಟ್ಟರು. ಯಾಕೆ ಎಂದರೆ, "ಬೀಗಕ್ಕೆ ಗೀರು ಬೀಳೋದು ಹೊರಮೈಗೆ ಕಣೋ. ಒಳಮೈಲಿ ಗೀರು ನಾನು ಈ ಜನ್ಮದಲ್ಲಿ ನೋಡಿಲ್ಲ" ಎಂದರು. ಹಾಗೆಯೇ ಪಾಸ್‌ವರ್ಡನ್ನೂ ಉದ್ದ ಮಾಡಿ ಬದಲಾಯಿಸಿದರು. ಹೊಸದನ್ನು ಸಣ್ಣಣ್ಣನಿಗೆ ಫೋನಿನಲ್ಲಿ ಹೇಳಬಾರದು, ಎದುರಿಗೆ ಸಿಕ್ಕಾಗ ಕಿವಿಯಲ್ಲಿ ಹೇಳಬೇಕು ಎಂದುಕೊಂಡು ಅಂಗಡಿಗೆ ಹೊರಟರು.

ದಾರಿಯಲ್ಲಿ, ಬಸ್ಸಿನೊಳಗೆ, ಕಾವಲುಗಾರನ ಸುದ್ದಿ ಬಂತು. ಯಾರೋ ಮೂರು ಸಲ ತಟ್ಟಿದ್ದಾರೆ. ಹೆಸರು ರೂಟ್ ಅಲ್ಲ, ಅಡ್ಮಿನ್ ಅಲ್ಲ. ತುಕ್ಕಪ್ಪ.

ಭಾವ ಮುಂದಿನ ನಿಲ್ದಾಣದಲ್ಲೇ ಇಳಿದು ಮನೆಗೆ ವಾಪಸು ಬಂದರು. ಹೊಸ ಪಾಸ್‌ವರ್ಡು ಅವರ ಬಾಯಲ್ಲೇ ಉಳಿಯಿತು.

ಅಲ್ಲಿಂದ ಶುರುವಾಯಿತು. ಮನೆಯಲ್ಲಿದ್ದರೆ ತುಕ್ಕಪ್ಪನ ಸುಳಿವಿಲ್ಲ. ಹಾಲು ತರಲು ಹೋಗಲಿ, ಯಾರದೋ ಮನೆಯ ಬೀಗ ಬಿಚ್ಚಲು ಹೋಗಲಿ, ಬೀದಿಯ ತಿರುವು ದಾಟಿದರೆ ಸಾಕು, ತುಕ್ಕಪ್ಪ ಹಾಜರು. ಬಂದ ಜಾಗ ನೋಡಿದರೆ ಒಮ್ಮೆ ಒಂದು ಊರು ತೋರಿಸುತ್ತದೆ, ಇನ್ನೊಮ್ಮೆ ಎಲ್ಲಿಯದೋ ಇನ್ನೊಂದು ಊರು. ಗಾಬರಿಯಲ್ಲಿ ಫೋನಿನಿಂದ ಸರ್ವರ್ ತೆಗೆದು ನೋಡೋಣವೆಂದರೆ ಅದೂ ತೆಗೆಯುವುದಿಲ್ಲ. "ನಾನು ಹೊರಗೆ ಹೋದ್ರೆ ನನ್ನ ಮನೆಯೇ ನನ್ನನ್ನ ಒಳಗೆ ಬಿಡಲ್ಲ ಕಣೇ" ಎಂದು ಅಕ್ಕನ ಹತ್ತಿರ ಹೇಳಿದರಂತೆ. ಆಮೇಲೆ ಹೊರಗೆ ಹೋಗುವುದನ್ನೇ ನಿಲ್ಲಿಸಿದರು.

ನನಗೆ ಇದೊಂದೂ ಗೊತ್ತಿರಲಿಲ್ಲ. ಅಕ್ಕ ಫೋನು ಮಾಡಿ, "ನಿಮ್ಮ ಭಾವಂಗೆ ಬುದ್ಧಿ ಹೇಳೋಕೆ ಯಾವತ್ತೂ ಬರಬೇಡ, ಆದ್ರೆ ಇವತ್ತು ಬಾ" ಎಂದಾಗಲೇ ಹೋದದ್ದು.

ಆ ಮನೆಗೆ ಕಾಲಿಟ್ಟರೆ ಉಸಿರು ಕಟ್ಟುತ್ತಿತ್ತು. ಕಿಟಕಿ ಮುಚ್ಚಿದೆ, ಯಾಕೆಂದರೆ ಬೀದಿಯ ಸದ್ದಿಗೆ ಪೆಟ್ಟಿಗೆಯ ಸದ್ದು ಕೇಳುವುದಿಲ್ಲ. ಟೀವಿ ಇಲ್ಲ. ಕಿರುಕೋಣೆಯಿಂದ ಹೊರಬಂದ ಬಕೆಟ್ಟು ಪೊರಕೆಗಳೆಲ್ಲ ನಡುಮನೆಯಲ್ಲಿ ನೆಂಟರ ಹಾಗೆ ನಿಂತಿವೆ. ಆ ಕೋಣೆಯಲ್ಲಿ ಕುರ್ಚಿ ಹಿಡಿಸುವುದಿಲ್ಲವೆಂದು ಭಾವ ಒಂದು ಗಿಡ್ಡ ಮಣೆಯ ಮೇಲೆ, ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತಿದ್ದಾರೆ. ಗಡ್ಡ ಬಂದಿದೆ. ಒಂದು ಕೈಯಲ್ಲಿ ಫೋನು, ಕಣ್ಣು ಪರದೆಯ ಮೇಲೆ. ಪೆಟ್ಟಿಗೆಯ ಫ್ಯಾನು ದಮ್ಮು ಹಿಡಿದವರ ಹಾಗೆ ಏದುತ್ತಿದೆ.

"ನಾನು ತರಕಾರಿಗೆ ಹೋಗ್ಬೇಕು, ಕಸಕ್ಕೆ ಹೋಗ್ಬೇಕು, ಲೈಟು ಬಿಲ್ಲಿಗೆ ಹೋಗ್ಬೇಕು" ಎಂದು ಅಕ್ಕ ಬಾಗಿಲಲ್ಲೇ ಶುರುಮಾಡಿದಳು. "ನಾನು ಹೊರಗೆ ಹೋಗಿ ಬರೋವಷ್ಟರಲ್ಲಿ ಇವರು ಒಳಗಿಂದ ಮೂರು ಚಿಲಕ ಹಾಕ್ಕೊಂಡಿರ್ತಾರೆ. ನನ್ನ ಮನೆಗೆ ನಾನು ಯಾರು ಅಂತ ಹೇಳಿ ಬರ್ಬೇಕು. ಮೊನ್ನೆ ಸಣ್ಣಣ್ಣ ಬಂದ, ಇವರು ನಾನು ಮಲಗಿದೀನಿ ಅನ್ನು ಅಂದ್ರು. ಬಾಗಿಲಲ್ಲಿ ಅವನು ನಿಂತು ಕೇಳ್ತಾನೆ, ಹಿಂದೆ ಕೋಣೇಲಿ ಇವರು ಕೆಮ್ಮುತಾರೆ. ಯಾವ ಮುಖ ಇಟ್ಕೊಂಡು ಸುಳ್ಳು ಹೇಳ್ಲಿ?"

ನಾನು ಕೋಣೆಯ ಬಾಗಿಲಿಗೆ ಹೋಗಿ ನಿಂತೆ. ಒಳಗೆ ಇಬ್ಬರಿಗೆ ಜಾಗವಿಲ್ಲ.

"ಏನ್ ಭಾವ ಇದು ಅವತಾರ?"

ಅವರು ಪರದೆ ಬಿಟ್ಟು ತಲೆ ಎತ್ತದೆ ಎಲ್ಲವನ್ನೂ ಹೇಳಿದರು. ತುಕ್ಕಪ್ಪನ ಕಥೆ ನಾನು ಕೇಳಿದ್ದು ಆಗಲೇ.

"ಅಷ್ಟೇ ತಾನೆ? ವೈರ್ ಕಿತ್ತು ಬಿಸಾಕಿ. ಹಾಳಾಗಿ ಹೋಗ್ಲಿ."

"ಕಿತ್ರೆ ಯಾರು ತಟ್ತಿದ್ರು ಅಂತ ಗೊತ್ತಾಗೋದು ಹೆಂಗೆ?"

"ಗೊತ್ತಾಗಿ ಏನಾಗ್ಬೇಕು?"

"ಒಳಗೆ ಎಷ್ಟು ಮನೆಯ ಕೀ ಇದೆ ಗೊತ್ತೇನೋ ನಿಂಗೆ?" ಭಾವ ಈಗ ನನ್ನ ಕಡೆ ತಿರುಗಿದರು. "ಒಂದು ಮನೇಲಿ ಕಳ್ಳತನ ಆದ್ರೆ ಜನ ಮೊದಲು ಕೈ ತೋರಿಸೋದು ಬೀಗದವನ ಕಡೆ. ಅವನು ಮಾಡಿರ್ಲಿ, ಬಿಡ್ಲಿ. ಹೋಗಿ ಪೊಲೀಸಿಗೆ ಹೇಳ್ಲಾ? ನಮ್ಮ ಕೀಗಳ ಪೆಟ್ಟಿಗೆಗೆ ಯಾರೋ ಕೈ ಹಾಕ್ತಿದಾರೆ ಅಂತ? ನಾಳೆಯಿಂದ ಯಾರು ನಮ್ಮ ಕೈಗೆ ಕೀ ಕೊಡ್ತಾರೆ? ಹೇಳಿದ್ರೂ ಹೋಯ್ತು, ಹೇಳದಿದ್ರೂ ಹೋಯ್ತು."

ಉತ್ತರ ಹೊಳೆಯದಿದ್ದರೆ ನನಗೆ ಸಿಟ್ಟು ಬರುತ್ತದೆ. "ಸರಿ, ಯಾರು ಅಂತೀರಿ ಹಾಗಾದ್ರೆ?"

ಭಾವ ಅಕ್ಕನಿಗೆ ಕೇಳಬಾರದೆಂಬಂತೆ ಮೆಲ್ಲಗೆ, "ಆ ಹೆಸರು ಗೊತ್ತಿರೋದು ಪ್ರಪಂಚದಲ್ಲಿ ಇಬ್ಬರಿಗೆ" ಎಂದರು.

"ಸಣ್ಣಣ್ಣನಾ?"

"ಮೆಲ್ಲಗೆ."

"ಥೂ ನಿಮ್ಮ! ಅವನದೇ ಅಂಗಡಿ, ಅವನದೇ ಪೆಟ್ಟಿಗೆ. ಪಾಸ್‌ವರ್ಡ್ ನೀವು ಬದಲಾಯಿಸಿದೀರಿ, ಹಳೇದು ಒತ್ತಿರ್ತಾನೆ. ಅದರಲ್ಲಿ ತಪ್ಪೇನು?"

"ತೆಗೀದಿದ್ರೆ ಅಣ್ಣನ್ನ ಕೇಳ್ಬೇಕು ತಾನೆ? ಕೇಳಿದ, ಇಲ್ಲ ಅಂತಿಲ್ಲ. ಸರ್ವರ್ ಯಾಕೋ ತೆಗೀತಿಲ್ಲ ಅಂದ. ರಿಪೇರಿಯಲ್ಲಿದೆ ಸುಮ್ನಿರು ಅಂದೆ. ಹಾಂ ಅಂದ. ಮತ್ಯಾಕೆ ತಟ್ಟಬೇಕು? ಅದೂ ನಾನು ಮನೆ ಬಿಟ್ಟಾಗಲೇ ಯಾಕೆ? ನಾನು ಎಲ್ಲಿಗೆ ಯಾವಾಗ ಹೋಗ್ತೀನಿ ಅಂತ ಅವನಿಗೆ ತಾನೇ ಗೊತ್ತಿರೋದು. ಬೇರೆ ಬೇರೆ ಊರಿನ ವೇಷ ಹಾಕ್ಕೊಂಡು ಯಾಕೆ ಬರ್ಬೇಕು? ದೊಡ್ಡ ರಸ್ತೆಯ ಬೀಗದ ಕಂಪನಿಯವರು ಅವನನ್ನ ಕೆಲಸಕ್ಕೆ ಕರೀತಿದಾರೆ, ಗೊತ್ತಾ? ಬರೀ ಕೈಲಿ ಬಾ ಅಂದಿರ್ತಾರಾ?"

"ಅವನನ್ನೇ ಕೇಳಿಬಿಡಿ."

"ಕೇಳಿ? ಹೌದು ಅಂದ್ರೆ ನಾನೇನು ಮಾಡ್ಲಿ? ಇಲ್ಲ ಅಂದ್ರೆ ನಂಬೋದು ಹೆಂಗೆ?"

ಈ ಮಾತು ಹೇಳಿ ಅವರು ಮತ್ತೆ ಪರದೆಯ ಕಡೆ ತಿರುಗಿದರು. ನಾನು ಅವರ ಬೆನ್ನು ನೋಡುತ್ತಾ ನಿಂತೆ. ಯಾವ ಬೀಗವನ್ನಾದರೂ ತೆಗೆಯಬಲ್ಲ ಮನುಷ್ಯ, ಪೊರಕೆ ಇಡುವ ಕೋಣೆಯಿಂದ ಹೊರಗೆ ಬರಲಾರದೆ ಕೂತಿದ್ದಾರೆ.

"ಅದಕ್ಕೆ" ಎಂದರು ಬೆನ್ನು ಹಾಕಿಕೊಂಡೇ, "ನಿನ್ನೆ ಸಂಜೆ ಅವನು ಮನೆಗೆ ಹೋದ ಮೇಲೆ ಇದೊಂದು ಸಲ ಹೊರಬಿದ್ದು ಅಂಗಡಿಗೆ ಹೋಗಿ ಷಟರಿನ ಬೀಗ ಬದಲಾಯಿಸಿ ಬಂದೆ."

"ಏನಂದ್ರಿ?"

"ಬದಲಾಯಿಸ್ತಾ ಇದ್ದಾಗಲೇ ಸುದ್ದಿ ಬಂತು. ತುಕ್ಕಪ್ಪ. ಬೀಗ ನನ್ನ ಕೈಲೇ ಇತ್ತು ಕಣೋ. ಇನ್ನೇನು ಸಾಕ್ಷಿ ಬೇಕು?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅಕ್ಕ ಬಾಗಿಲಿಗೆ ಬಂದಳು. "ಸಣ್ಣಣ್ಣ ಇಷ್ಟೊತ್ತಿಗೆ ಅಂಗಡಿ ಮುಂದೆ ನಿಂತಿರ್ತಾನೆ. ಅವನಿಗೆ ಏನು ಹೇಳಿದ್ರಿ?"

"ಫೋನ್ ಮಾಡ್ತಿದಾನೆ. ನಾನು ಎತ್ತಿಲ್ಲ."

ಆಗ ನನಗೆ ಬಂದ ಸಿಟ್ಟನ್ನು ಬರೆಯಲು ಅಕ್ಷರವಿಲ್ಲ. ಅವರ ಕೈಯಲ್ಲಿ ಫೋನು ಮತ್ತೆ ಗುಯ್‌ಗುಡುತ್ತಿತ್ತು, ಮೇಲೆ ತಮ್ಮನ ಹೆಸರು ಹೊಳೆಯುತ್ತಿತ್ತು, ಇವರು ಅದನ್ನು ಬಿಸಿ ಕಬ್ಬಿಣ ಹಿಡಿದವರ ಹಾಗೆ ಹಿಡಿದು ಕೂತಿದ್ದರು. ಕಿತ್ತುಕೊಂಡೆ. "ನೀವು ಎತ್ತದಿದ್ರೆ ನಾನೇ ಹೋಗಿ ಮಾತಾಡ್ತೀನಿ. ಈ ಹಾಳು ಫೋನೂ ಇನ್ನು ನಿಮಗೆ ಬೇಡ" ಎಂದು ಜೇಬಿಗೆ ಹಾಕಿಕೊಂಡು ಹೊರಟೆ. ಹಿಂದೆ ಭಾವ ಕೂಗುತ್ತಿದ್ದರು. ಕೋಣೆ ಬಿಟ್ಟು ಎದ್ದು ಬರಲಿಲ್ಲ.

ಅಂಗಡಿಯ ಮುಂದೆ ಸಣ್ಣಣ್ಣ ಕಟ್ಟೆಯ ಮೇಲೆ ಕೂತಿದ್ದ. ಅವನ ಹಿಂದೆ ಮುಚ್ಚಿದ ಷಟರು, ಷಟರಿಗೆ ಹೊಳೆಯುವ ಹೊಸ ಬೀಗ. ಒಬ್ಬಳು ಹೆಂಗಸು ಎರಡು ಕೈಯಲ್ಲೂ ಚೀಲ ಹಿಡಿದು, "ಮನೆ ಕೀ ಒಳಗೇ ಇಟ್ಟು ಬಾಗಿಲು ಎಳ್ಕೊಂಡುಬಿಟ್ಟೆ, ಬೇಗ ಬನ್ನಿ ಅಂದ್ರೆ ಹೀಗೆ ಕೂತಿದೀರಲ್ಲ" ಎಂದು ಗೊಣಗುತ್ತಿದ್ದಳು. ಪಕ್ಕದ ಚಹಾ ಅಂಗಡಿಯವನಿಗೆ ಹಬ್ಬ. "ಏನ್ ಸಣ್ಣಣ್ಣ, ಬೀಗದ ಅಂಗಡಿಯ ಬೀಗದ ಕೀ ಕಳೆದುಹೋಯ್ತಾ? ಯಾರಾದ್ರೂ ಒಳ್ಳೆ ಬೀಗದವರನ್ನ ಕರಸ್ಲಾ?"

ನಾನು ಒಂದು ನೋಟ ನೋಡಿದೆ. ಅವನು ಚಹಾ ಸೋಸಲು ಹೋದ.

"ಒಳಗೆ ನನ್ನ ಸಾಮಾನು ಪೂರ್ತಿ ಇದೆ" ಎಂದ ಸಣ್ಣಣ್ಣ. "ಈ ಅಮ್ಮನ ಬಾಗಿಲು ತೆಗೆಯೋಕೂ ನನ್ನ ಕೈಲಿ ಏನಿಲ್ಲ."

"ಇದನ್ನ ತೆಗೆಯೋಕೆ ನಿಂಗೆ ಎಷ್ಟು ಹೊತ್ತು ಬೇಕು?" ನಾನು ಷಟರಿನ ಬೀಗ ತೋರಿಸಿದೆ.

"ಈ ಅಮ್ಮನ ತಲೆಯ ಪಿನ್ನು ಇಸ್ಕೊಂಡ್ರೆ, ನೀನು ಚಹಾ ಕುಡಿದು ಮುಗ್ಸೋವಷ್ಟರಲ್ಲಿ."

"ತೆಗಿ ಮತ್ತೆ! ಏನ್ ನೋಡ್ತಿದೀಯಾ?"

"ತೆಗೆಯಲ್ಲ." ಸಣ್ಣಣ್ಣ ನನ್ನ ಮುಖ ನೋಡಲಿಲ್ಲ. "ಎಲ್ಲಿದ್ದೆ, ಯಾರ ಜೊತೆ ಮಾತಾಡ್ತಿದ್ದೆ ಅಂತ ಅಣ್ಣ ಕೇಳೋಕೆ ಶುರುಮಾಡಿ ಬಹಳ ದಿನ ಆಯ್ತು. ಏನೋ ಅನುಮಾನ ಹತ್ತಿದೆ ಅವನಿಗೆ. ಈಗ ನಾನು ಪಿನ್ನು ಹಾಕಿ ಇದನ್ನ ತೆಗೆದ್ರೆ, ಅವನು ಅಂದ್ಕೊಂಡಿದ್ದು ಏನಿದ್ರೂ ನಿಜ ಆಗ್ಬಿಡುತ್ತೆ. ಬೀಗ ಅವನು ಹಾಕಿದ್ದು, ಅವನೇ ತೆಗೀಬೇಕು. ಅಲ್ಲೀವರೆಗೆ ಇಲ್ಲೇ ಕೂತಿರ್ತೀನಿ."

ಅಲ್ಲಿ ಅವರು ಒಳಗೆ ಕೂತಿದ್ದಾರೆ, ಇಲ್ಲಿ ಇವನು ಹೊರಗೆ ಕೂತಿದ್ದಾನೆ. ನನಗೆ ಎರಡು ಕಡೆಯೂ ಗೇಟು ಬೆಸುಗೆ ಹಾಕಿ ಮುಚ್ಚಿದ ಹಾಗಾಯಿತು. ಅಷ್ಟರಲ್ಲಿ ನನ್ನ ಜೇಬಿನೊಳಗೆ ಭಾವನ ಫೋನು ಕೂಗಿತು. ಅಕ್ಕನ ನಂಬರು. ಎತ್ತಿದರೆ ಭಾವ.

"ಬಂದ ಕಣೋ! ನಾನು ಮನೇಲೇ ಇದೀನಿ, ಪೆಟ್ಟಿಗೆ ಮುಂದೇ ಕೂತಿದೀನಿ, ಆದ್ರೂ ಬಂದ! ತುಕ್ಕಪ್ಪ! ಈಗಷ್ಟೇ ಪರದೆ ಮೇಲೆ ಬಂತು!"

"ಯಾರು ಬಂದಿದ್ದು?"

"ಅವನೇ! ಸಣ್ಣ!"

"ಭಾವ, ಸ್ವಲ್ಪ ಬಾಯಿ ಮುಚ್ಕೊಂಡು ಕೇಳಿ. ನಿಮ್ಮ ತಮ್ಮ ನನ್ನ ಮೂಗಿನ ಮುಂದೆ ಕೂತಿದಾನೆ. ಅವನ ಫೋನು ಕಟ್ಟೆ ಮೇಲಿದೆ, ಎರಡೂ ಕೈ ಮೊಣಕಾಲ ಮೇಲಿದೆ. ಅವನು ಯಾವ ಬಾಗಿಲನ್ನೂ ತಟ್ಟಿಲ್ಲ. ಕೇಳಿಸ್ತಾ?"

ಆ ಕಡೆ ಪೆಟ್ಟಿಗೆಯ ಏದುಸಿರು ಮಾತ್ರ ಕೇಳುತ್ತಿತ್ತು. ಹಿಂದಿನಿಂದ ಅಕ್ಕನ ದನಿ ಬಂತು. "ರೀ, ನೀವು ಹೊರಗೆ ಹೋದಾಗ ಬರ್ತಾನೆ ಅಂತಿದ್ರಿ. ಇವತ್ತು ನೀವು ಹೋಗಿಲ್ಲ. ಮನೆಯಿಂದ ಹೊರಗೆ ಹೋಗಿರೋದು ಏನು ಹೇಳಿ? ನಿಮ್ಮ ಫೋನು."

ಭಾವ ಬೇರೆಯೇ ದನಿಯಲ್ಲಿ, "ಫೋನ್ ಆಫ್ ಮಾಡಿ ಮತ್ತೆ ಹಾಕು" ಎಂದರು. ಹಾಗೇ ಮಾಡಿದೆ. ಫೋನು ಎದ್ದು ಕೂತ ಸ್ವಲ್ಪ ಹೊತ್ತಿಗೆ ಅಕ್ಕನ ನಂಬರಿನಿಂದ ಮತ್ತೆ ಕರೆ ಬಂತು. "ಬಂತು" ಎಂದರು ಭಾವ. ಅಷ್ಟೇ.

ಆದದ್ದು ಇಷ್ಟು. ಸರ್ವರ್ ಶುರುಮಾಡಿದ ಹೊಸತರಲ್ಲಿ ಕೀಲಿಕೈ ಚಿತ್ರಗಳನ್ನು ನೋಡಲೆಂದು ಭಾವ ತಮ್ಮ ಫೋನಿಗೆ ಒಂದು ಆಪ್ ಹಾಕಿಕೊಂಡಿದ್ದರು. ಹೊಸ ಚಿತ್ರ ಬಂದಿದೆಯೇ ಎಂದು ಅದು ತನ್ನಷ್ಟಕ್ಕೆ ತಾನೇ ಹೋಗಿ ನೋಡಿಕೊಂಡು ಬರುವಂಥದ್ದು. ಪಾಸ್‌ವರ್ಡ್ ಬದಲಾಯಿಸಿದಾಗ ಅದಕ್ಕೆ ಹೊಸದನ್ನು ಹೇಳಲು ಮರೆತರು. ಪಾಪ, ಅದು ಹಳೆಯ ಕೀಲಿಕೈ ಹಿಡಿದು ನಿಯತ್ತಾಗಿ ಬಾಗಿಲು ತಟ್ಟುತ್ತಲೇ ಇತ್ತು. ಮನೆಯೊಳಗೆ ಇದ್ದಾಗಲೂ ತಟ್ಟುತ್ತಿತ್ತು. ಆದರೆ ಒಳಗಿನವರನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಕಾವಲುಗಾರನಿಗೆ ಇವರೇ ಹೇಳಿಟ್ಟಿದ್ದರಲ್ಲ. ಹೊರಗೆ ಹೋದರೆ ಫೋನು ಮೊಬೈಲ್ ಕಂಪನಿಯ ದಾರಿಯಲ್ಲಿ ಬರುತ್ತದೆ, ಆ ದಾರಿ ಒಂದೊಂದು ಸಲ ಒಂದೊಂದು ಊರಿನದು ಎಂದು ತೋರುತ್ತದೆ. ಮೂರು ಸಲ ತಟ್ಟಿದ ಮೇಲೆ ಕಾವಲುಗಾರ ಆ ಫೋನನ್ನೇ ಹೊರಗೆ ದಬ್ಬುತ್ತಿದ್ದ. ಅದಕ್ಕೇ ಭಾವನಿಗೆ ಹೊರಗಿನಿಂದ ತಮ್ಮದೇ ಸರ್ವರ್ ತೆಗೆಯುತ್ತಿರಲಿಲ್ಲ.

ನಾನು ಇದನ್ನು ಸಣ್ಣಣ್ಣನಿಗೆ ನನಗೆ ತಿಳಿದ ಮಟ್ಟಿಗೆ ಹೇಳಿದೆ. ಹೇಳುತ್ತಾ ನನಗೇ ನಗು ಬಂತು. ಅವನು ನಗಲಿಲ್ಲ.

ಭಾವ ಬಂದರು. ಮನೆಯೊಳಗಿನ ಚಪ್ಪಲಿಯಲ್ಲೇ, ಗಡ್ಡದಲ್ಲೇ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು. ನೇರವಾಗಿ ಷಟರಿನ ಮುಂದೆ ಮಂಡಿಯೂರಿ ಹೊಸ ಬೀಗ ತೆಗೆದರು. ಷಟರು ಎತ್ತಿ, ಒಳಗಿಂದ ಹಳೆಯ ಬೀಗ ತಂದು ಮೊದಲಿನ ಜಾಗಕ್ಕೇ ಹಾಕಿದರು. "ನಿನ್ನ ಕೀ ಹಾಕಿ ನೋಡು" ಎಂದು ತಮ್ಮನಿಗೆ ಹೇಳಿದರು.

ಸಣ್ಣಣ್ಣ ತನ್ನ ಕೀಲಿಕೈ ಹಾಕಿ ತಿರುಗಿಸಿ ನೋಡಿದ. ಒಳಗೆ ಹೋಗಿ ಸಾಮಾನಿನ ಚೀಲ ತಗುಲಿಹಾಕಿಕೊಂಡು ಬಂದು, "ನಡೀರಿ ಅಮ್ಮ, ನಿಮ್ಮ ಬಾಗಿಲು ತೆಗೀತೀನಿ" ಎಂದು ಆ ಹೆಂಗಸಿನ ಹಿಂದೆ ಹೊರಟುಹೋದ. ನಾವಿಬ್ಬರೂ ಅವನು ಬರುವವರೆಗೆ ಅಲ್ಲೇ ಕೂತಿದ್ದೆವು. ಚಹಾ ಅಂಗಡಿಯವನು ಕೇಳದೆಯೇ ಚಹಾ ಕೊಟ್ಟ. ಭಾವ ಅದನ್ನು ಮುಟ್ಟಲಿಲ್ಲ.

ಸಣ್ಣಣ್ಣ ವಾಪಸು ಬಂದು ಚೀಲ ಇಳಿಸಿದ. ಆಮೇಲೆ ಅಣ್ಣನನ್ನು ಕೇಳಿದ: "ತುಕ್ಕಪ್ಪ ಅಂತ ಬಂದ ಕೂಡ್ಲೆ ನಾನು ಅಂದ್ಕೊಂಡ್ಯಾ?"

"ಆ ಹೆಸರು ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿಲ್ವಲ್ಲೋ."

"ಇಬ್ಬರಲ್ಲಿ ಒಬ್ಬ ನೀನು. ಅದು ಹೊಳೀಲೇ ಇಲ್ವಾ?"

ಭಾವ ಕಟ್ಟೆಯ ಮೇಲಿದ್ದ ಹೊಸ ಬೀಗವನ್ನು ಜೇಬಿಗೆ ಹಾಕಿಕೊಂಡರು.

"ಆ ಕಂಪನಿಯವರಿಗೆ ಬರಲ್ಲ ಅಂತ ಅವತ್ತೇ ಹೇಳಿ ಬಂದಿದ್ದೆ" ಎಂದ ಸಣ್ಣಣ್ಣ. "ನಿನಗೆ ಹೇಳಿಲ್ಲ. ಹೇಳೋಕೆ ಅದೇನು ದೊಡ್ಡ ವಿ‌ಷಯ ಅಂತ."

ಭಾವ ಎದ್ದು ತಮ್ಮನ ಹತ್ತಿರ ಹೋಗಿ ಕಿವಿಗೆ ಬಾಯಿ ತಂದರು. ಬಸ್ಸಿನಿಂದ ವಾಪಸು ತಂದಿದ್ದ ಹೊಸ ಪಾಸ್‌ವರ್ಡು. ಸಣ್ಣಣ್ಣ ಸರ್ರನೆ ಹಿಂದೆ ಸರಿದ. ಆ ಅಂಗಡಿಯಲ್ಲಿ ಸರಿಯಲು ಜಾಗವೆಲ್ಲಿದೆ, ಬೆನ್ನು ಗೋಡೆಗೆ ಬಡಿಯಿತು, ಮೊಳೆಗಳಲ್ಲಿದ್ದ ಕೀಲಿಕೈಗಳೆಲ್ಲ ಗಲಗಲ ಅಂದವು.

"ಬೇಡ ಅಣ್ಣ. ಗೊತ್ತಿದ್ದರೆ ತಾನೇ ಮತ್ತೆ ಕಳ್ಳ ಆಗೋದು? ನನಗೆ ಗೊತ್ತೇ ಬೇಡ. ಚಿತ್ರ ಬೇಕಾದಾಗ ಕೇಳ್ತೀನಿ, ನೀನೇ ಕಳಿಸು."

"ತಪ್ಪಾಯ್ತು ಅಂದ್ನಲ್ಲೋ."

"ನೀನು ಅನ್ನಲಿಲ್ಲ" ಎಂದ ಸಣ್ಣಣ್ಣ. ಅದು ನಿಜವೇ ಆಗಿತ್ತು. ಆಮೇಲೆ ಭಾವ ತಪ್ಪಾಯಿತು ಎಂದರು, ನನ್ನೆದುರಿಗೇ, ಚಹಾ ಅಂಗಡಿಯವನ ಎದುರಿಗೇ ಅಂದರು. ಸಣ್ಣಣ್ಣ "ಆಯ್ತು ಬಿಡು" ಎಂದು ಅರ ಕೈಗೆ ತೆಗೆದುಕೊಂಡ. ಆದರೆ ಕಿವಿ ಕೊಡಲಿಲ್ಲ.

ಭಾವ ಮನೆಗೆ ಹೋಗಿ ಮೊದಲು ಫೋನಿನಿಂದ ಆ ಆಪ್ ಕಿತ್ತುಹಾಕಿದರು. ಆಮೇಲೆ ಸರ್ವರಿನ ಹೊರಬಾಗಿಲನ್ನೇ ಮುಚ್ಚಿ ಗೋಡೆ ಮಾಡಿದರು. ತಮ್ಮನಿಗೆ ಬೇಡ, ಸ್ವಂತ ಜೇಬಿನ ಮೇಲೆ ಭಾವನಿಗೇ ನಂಬಿಕೆಯಿಲ್ಲ, ಇನ್ನು ಆ ಬಾಗಿಲು ಯಾರಿಗೆ? ಈಗ ರೂಟೂ ಇಲ್ಲ, ಅಡ್ಮಿನ್ನೂ ಇಲ್ಲ. ಮನೆಯೊಳಗೆ, ಆ ಕಿರುಕೋಣೆಯಲ್ಲಿ ಕೂತವರು ಮಾತ್ರ ಚಿತ್ರ ತೆಗೆಯಬಹುದು. ಕೋಣೆಯಲ್ಲಿ ಕೂರಬಲ್ಲವರು ಒಬ್ಬರೇ.

ಅಂಗಡಿ ನಡೆಯುತ್ತಿದೆ. ಗಿರಾಕಿಗಳೂ ಹೋಗಿಲ್ಲ, ಮನೆಗಳಲ್ಲಿ ಕಳ್ಳತನವೂ ಆಗಿಲ್ಲ. ಬೀಗ ಬಿಚ್ಚುವ ಕೆಲಸವನ್ನೂ ಈಗ ಸಣ್ಣಣ್ಣನೇ ಮಾಡುತ್ತಾನೆ, ಯಾಕೆಂದರೆ ಭಾವ ಅಂಗಡಿಗೆ ಹೋಗಿ ಕೂತರೆ ಚಿತ್ರ ಕಳಿಸುವವರಿಲ್ಲ. ಅಕ್ಕ ನಡುಮನೆಯ ಬಕೆಟ್ಟುಗಳಿಗೆ ಒಂದು ಪರದೆ ಹೊಲಿದು ಹಾಕಿದ್ದಾಳೆ. "ಕಳ್ಳರನ್ನ ಹೊರಗಿಡೋದು ಕಲಿತರು" ಅನ್ನುತ್ತಾಳೆ. "ತಾವು ಹೊರಗೆ ಬರೋದು ಮಾತ್ರ ಕಲೀಲಿಲ್ಲ."

ಮೊನ್ನೆ ನಾನು ಹೋಗಿದ್ದೆ. ಕೋಣೆಯ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದೆವು. ಕಿಟಕಿ ಈಗ ತೆರೆದಿರುತ್ತದೆ. ಅಷ್ಟರಲ್ಲಿ ಸಣ್ಣಣ್ಣನ ಫೋನು ಬಂತು. ಭಾವ ಸ್ಪೀಕರಿಗೆ ಹಾಕಿದರು.

"ಅಣ್ಣ, ಮೂರನೇ ಮಹಡಿಯ ಅಜ್ಜಿಯದು ಬೇಕಿತ್ತು."

"ತಡಿ, ತೆಗೀತೀನಿ." ಭಾವ ಕೀಬೋರ್ಡು ಹತ್ತಿರ ಎಳೆದುಕೊಂಡರು. ಆಮೇಲೆ ಕೈ ನಿಲ್ಲಿಸಿ, "ಲೋ, ಬಾಗಿಲು ಮತ್ತೆ ಇಡ್ತೀನಿ ಕಣೋ. ನೀನೊಂದು ಹೂಂ ಅನ್ನು. ಹೆಸರೂ ನೀನೇ ಇಡು, ಪಾಸ್‌ವರ್ಡೂ ನೀನೇ ಇಡು, ನಂಗೆ ಹೇಳ್ಲೇಬೇಡ" ಎಂದರು.

ಆ ಕಡೆ ಕೀಲಿಕೈ ಕಡೆಯುವ ಯಂತ್ರ ತಿರುಗುತ್ತಿತ್ತು. ಯಾರೋ ಏನೋ ಕೇಳಿದರು, ಸಣ್ಣಣ್ಣ ಅವರಿಗೆ ಕೂತ್ಕೊಳ್ಳಿ ಎಂದ.

"ಗಿರಾಕಿ ಕಾಯ್ತಿದಾರೆ ಅಣ್ಣ. ಚಿತ್ರ ಕಳಿಸು."

ಭಾವ ಕಳಿಸಿದರು.